ಮೂರನೇ ಆಲ್ಟರ್ನೇಟರ್ ಬೇಕಾಗಿರಲಿಲ್ಲ: ಆರದ ಬ್ಯಾಟರಿ ಲೈಟ್‌ನ ಒಂದು ಪ್ರಕರಣ

ಕಾರು ಹನ್ನೆರಡು ವರ್ಷ ಹಳೆಯದು. ಪೆಟ್ರೋಲ್ ಎಂಜಿನ್, ಓಡಿದ್ದು 1,40,000 ಕಿಲೋಮೀಟರ್. ದೂರು ಒಂದೇ: ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ಲೈಟ್ ಆರುತ್ತಿಲ್ಲ. ನನ್ನ ಕೈಗೆ ಬರುವ ಹೊತ್ತಿಗೆ ಬ್ಯಾಟರಿ ಹೊಸದು, ಬೆಲ್ಟ್ ಹೊಸದು. ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಒಮ್ಮೆ ರಿಪೇರಿಯಾಗಿತ್ತು. ಆಮೇಲೆ ಅದನ್ನೂ ತೆಗೆದು ಹೊಸದು ಕೂರಿಸಿದ್ದರು. ಲೈಟ್ ಮಾತ್ರ ಹಾಗೇ ಇತ್ತು. ಹೊಸ ಆಲ್ಟರ್ನೇಟರೇ ಸರಿಯಿಲ್ಲ, ವಾರಂಟಿಯಲ್ಲಿ ಇನ್ನೊಂದು ತರಿಸೋಣ ಅನ್ನುವ ಮಾತು ನಡೆದಿತ್ತು.

ನಾನು ಕೇಳಿದ ಮೊದಲ ಪ್ರಶ್ನೆ ಮಾಲೀಕರಿಗೆ ವಿಚಿತ್ರ ಅನಿಸಿತು. "ಲೈಟ್ ಹೇಗೆ ಉರಿಯುತ್ತೆ ಸರ್? ಕೀ ತಿರುಗಿಸಿದಾಗ ಉರಿಯುವಷ್ಟೇ ಜೋರಾಗಿಯೋ, ಇಲ್ಲಾ ಮಂಕಾಗಿಯೋ?"

ಅವರು ಸ್ವಲ್ಪ ಯೋಚಿಸಿದರು. "ಮೊದಲೆಲ್ಲಾ ಜೋರಾಗಿ ಉರೀತಿತ್ತು. ಈಗ ಮಂಕೇ ಅನ್ಸುತ್ತೆ. ಇದನ್ನ ಇಲ್ಲಿವರೆಗೆ ಯಾರೂ ಕೇಳಿರಲಿಲ್ಲ."

ಈ ಉತ್ತರದಲ್ಲೇ ಅರ್ಧ ಕೆಲಸ ಮುಗಿದಿತ್ತು. ಈ ಥರದ ಹಳೇ ಸರ್ಕ್ಯೂಟ್‌ನಲ್ಲಿ ಜೋರಾಗಿ ಉರಿಯುವ ಬ್ಯಾಟರಿ ಲೈಟ್‌ಗೂ ಮಂಕಾಗಿ ಉರಿಯುವ ಬ್ಯಾಟರಿ ಲೈಟ್‌ಗೂ ಸಾಮಾನ್ಯವಾಗಿ ಕಾರಣ ಒಂದೇ ಆಗಿರುವುದಿಲ್ಲ. ಈ ಕಾರಿನಲ್ಲಿ ಒಂದಾದ ಮೇಲೊಂದು ಎರಡು ದೋಷ ಬಂದಿದ್ದವು. ಎರಡನ್ನೂ "ಲೈಟ್ ಉರಿಯುತ್ತಿದೆ" ಅನ್ನುವ ಒಂದೇ ಮಾತಿನಲ್ಲಿ ಹೇಳಿದ್ದರಿಂದ, ಮೊದಲನೆಯದು ಸರಿಹೋದದ್ದು ಯಾರ ಗಮನಕ್ಕೂ ಬರಲಿಲ್ಲ.

ಅಲ್ಲಿಯವರೆಗೆ ನಡೆದದ್ದು

ಮೊದಲ ಸಲ ಲೈಟ್ ಬಂದಾಗ ಹಗಲು, ಕಾರು ಹೆದ್ದಾರಿಯಲ್ಲಿತ್ತು. ಬಿಸಿಲಿನಲ್ಲೂ ಕಣ್ಣಿಗೆ ಹೊಡೆಯುವ ಹಾಗೆ ಕೆಂಪಗೆ ಉರಿಯಿತು. ಮಾಲೀಕರು ಎಸಿ, ಸ್ಟೀರಿಯೋ ಆಫ್ ಮಾಡಿ, ಎಂಜಿನ್ ನಿಲ್ಲಿಸದೆ ಹತ್ತಿರದ ಗ್ಯಾರೇಜ್ ತಲುಪಿದರು. ಮಾಡಿದ್ದು ಸರಿ. ಚಾರ್ಜಿಂಗ್ ನಿಂತಾಗ ಕಾರು ಓಡುವುದು ಬ್ಯಾಟರಿಯಲ್ಲಿ ಉಳಿದಿರುವ ಚಾರ್ಜ್‌ನಿಂದ ಮಾತ್ರ. ಒಮ್ಮೆ ನಿಲ್ಲಿಸಿದರೆ ಮತ್ತೆ ಸೆಲ್ಫ್ ಹೊಡೆಯಲು ಶಕ್ತಿ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಆದರೆ ಇದಕ್ಕೊಂದು ಷರತ್ತಿದೆ. ಎಷ್ಟೋ ಎಂಜಿನ್‌ಗಳಲ್ಲಿ ಆಲ್ಟರ್ನೇಟರ್ ತಿರುಗಿಸುವ ಬೆಲ್ಟೇ ವಾಟರ್ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ಕಡಿದುಹೋಗಿ ಲೈಟ್ ಬಂದಿದ್ದರೆ ಎಂಜಿನ್ ಬೇಗ ಬಿಸಿಯಾಗುತ್ತದೆ. ಟೆಂಪರೇಚರ್ ಮುಳ್ಳು ಮೇಲೇರತೊಡಗಿದರೆ ತಕ್ಷಣ ನಿಲ್ಲಿಸಲೇಬೇಕು.

ಗ್ಯಾರೇಜಿನಲ್ಲಿ ಮೊದಲು ಬದಲಾದದ್ದು ಬ್ಯಾಟರಿ. ಲೈಟ್ ಮೇಲೆ ಬ್ಯಾಟರಿಯ ಚಿತ್ರ ಇದೆಯಲ್ಲ, ಹಾಗಾಗಿ ಬ್ಯಾಟರಿಯೇ ಕೆಟ್ಟಿರಬೇಕು ಅನ್ನುವ ಲೆಕ್ಕ. ನನ್ನ ಪ್ರಕಾರ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಷ್ಟು ದಾರಿ ತಪ್ಪಿಸುವ ಚಿತ್ರ ಇನ್ನೊಂದಿಲ್ಲ. ಆ ಲೈಟ್ ಬ್ಯಾಟರಿಯ ಆರೋಗ್ಯವನ್ನು ನೋಡುವುದೇ ಇಲ್ಲ. ಹೊಸ ಬ್ಯಾಟರಿ ಹಾಕಿದರೂ ಲೈಟ್ ಹಾಗೇ ಉರಿಯಿತು. ಮುಂದೆ ಫ್ಯಾನ್ ಬೆಲ್ಟ್ ಬದಲಾಯಿತು. ಹಳೇ ಬೆಲ್ಟ್‌ನಲ್ಲಿ ಬಿರುಕು ಬಿಟ್ಟಿದ್ದರಿಂದ ಅದನ್ನು ತಪ್ಪು ಅನ್ನಲಾರೆ. ಲೈಟ್ ಆಗಲೂ ಆರಲಿಲ್ಲ. ಆಮೇಲೆ ಆಲ್ಟರ್ನೇಟರ್ ಬಿಚ್ಚಿದರು. ಗ್ಯಾರೇಜಿನವರ ಬಾಯಲ್ಲಿ ಅದು ಇವತ್ತಿಗೂ ಡೈನಮೋ. ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಸವೆದು, ಆ ಭಾಗದ ಸ್ಲಿಪ್ ರಿಂಗ್‌ಗೆ ಸರಿಯಾಗಿ ತಾಗುತ್ತಿರಲಿಲ್ಲ. ಬ್ರಷ್ ಮತ್ತು ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಹೊಸದು ಹಾಕಿದರು. ಜೋರು ಲೈಟ್ ಆರಿತು. ಇದು ನಿಜವಾದ ದೋಷ, ನಿಜವಾದ ರಿಪೇರಿ.

ಕೆಲವು ದಿನಗಳ ನಂತರ ರಾತ್ರಿ ಡ್ರೈವ್ ಮಾಡುವಾಗ ಮಾಲೀಕರಿಗೆ ಲೈಟ್ ಮತ್ತೆ ಕಂಡಿತು. ಬೆಳಿಗ್ಗೆ ಗ್ಯಾರೇಜಿಗೆ ಹೋದರೆ ಲೈಟ್ ಇಲ್ಲ. ಮೀಟರ್ ಹಿಡಿದರೆ ಬ್ಯಾಟರಿಯಲ್ಲಿ 13.9 ವೋಲ್ಟ್. "ಚಾರ್ಜಿಂಗ್ ಪಕ್ಕಾ ಇದೆ ಸರ್, ಸುಮ್ನೆ ತಲೆ ಕೆಡಿಸ್ಕೋಬೇಡಿ" ಅಂದರು. ರಾತ್ರಿ ಮತ್ತೆ ಲೈಟ್. ಕೆಲವು ಬೆಳಿಗ್ಗೆ ಸೆಲ್ಫ್ ನಿಧಾನವಾಗಿ ತಿರುಗುತ್ತಿತ್ತು, ಅದೂ ಹಿಂದಿನ ರಾತ್ರಿ ಕಾರು ಓಡಿಸಿದ್ದರೆ ಮಾತ್ರ. ಹಗಲು ಓಡಿಸಿದ ಮರುದಿನ ಒಂದೇ ಸೆಲ್ಫ್‌ಗೆ ಸ್ಟಾರ್ಟ್.

ಇನ್ನೊಂದು ಗ್ಯಾರೇಜಿನಲ್ಲಿ ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಿತ್ತು ನೋಡಿದರಂತೆ. ಎಂಜಿನ್ ನಿಲ್ಲದಿದ್ದರೆ ಡೈನಮೋ ಸರಿ ಇದೆ ಅನ್ನುವ ಹಳೇ ಪರೀಕ್ಷೆ ಅದು. ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಚಾರ್ಜ್ ಮಾಡುತ್ತಿರುವ ಆಲ್ಟರ್ನೇಟರ್‌ನಿಂದ ಬ್ಯಾಟರಿಯನ್ನು ಥಟ್ಟನೆ ಬೇರೆ ಮಾಡಿದರೆ ವೋಲ್ಟೇಜ್ ಕ್ಷಣಕಾಲ 40 ದಾಟಿ ಹಾರಬಹುದು. ಎಂಜಿನ್ ಕಂಪ್ಯೂಟರ್, ಎಬಿಎಸ್ ಯೂನಿಟ್, ಆಲ್ಟರ್ನೇಟರ್‌ನದ್ದೇ ಡಯೋಡ್ (ಅದು ಹುಟ್ಟಿಸುವ ಎಸಿ, ಅಂದರೆ ದಿಕ್ಕು ಬದಲಿಸುವ ಕರೆಂಟನ್ನು ಒಂದೇ ದಿಕ್ಕಿಗೆ ಹರಿಸುವ ಭಾಗ), ಯಾವುದು ಬೇಕಾದರೂ ಸುಟ್ಟುಹೋಗಬಹುದು. ಪುಣ್ಯಕ್ಕೆ ಇಲ್ಲಿ ಏನೂ ಆಗಲಿಲ್ಲ. ಆ ಗ್ಯಾರೇಜಿನವರೇ ಹೊಸ ಆಲ್ಟರ್ನೇಟರ್ ಹಾಕಿಸಿದ್ದು. ಲೈಟ್ ಮೊದಲಿನ ಹಾಗೇ ರಾತ್ರಿ ಬಂತು.

ಆ ಲೈಟ್ ನೋಡುವುದು ಏನನ್ನು?

ಈ ಕಾಲದ ಕಾರುಗಳ ಕಥೆ ಬೇರೆ, ಅದನ್ನು ಮುಂದೆ ಹೇಳುತ್ತೇನೆ. ಈ ಕಾರಿನಲ್ಲಿದ್ದದ್ದು ಹಳೇ ಸರಳ ಸರ್ಕ್ಯೂಟ್. ಡ್ಯಾಶ್‌ಬೋರ್ಡಿನಲ್ಲಿ ತಂತಿ ಬಲ್ಬ್ ಇದೆ. ಅದರ ಒಂದು ತುದಿಗೆ ಇಗ್ನಿಷನ್ ಸ್ವಿಚ್ ಮೂಲಕ ಬ್ಯಾಟರಿಯ ವೋಲ್ಟೇಜ್ ಬರುತ್ತದೆ. ಇನ್ನೊಂದು ತುದಿ ಆಲ್ಟರ್ನೇಟರ್‌ನ ಡಿ-ಪ್ಲಸ್ ಅನ್ನುವ ಸಣ್ಣ ಟರ್ಮಿನಲ್‌ಗೆ ಹೋಗುತ್ತದೆ. ಅಷ್ಟೇ.

ಕೀ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡದೆ ಬಿಟ್ಟಾಗ ಆಲ್ಟರ್ನೇಟರ್ ತಿರುಗುತ್ತಿರುವುದಿಲ್ಲ. ಬಲ್ಬ್‌ನ ಒಂದು ಕಡೆ 12 ವೋಲ್ಟ್, ಇನ್ನೊಂದು ಕಡೆ ಹೆಚ್ಚುಕಮ್ಮಿ ಅರ್ಥ್, ಅಂದರೆ ಸೊನ್ನೆ ವೋಲ್ಟ್. ಕರೆಂಟ್ ಬಲ್ಬ್ ಮೂಲಕ ಹರಿದು, ರೆಗ್ಯುಲೇಟರ್ ಮತ್ತು ಕಾರ್ಬನ್ ಬ್ರಷ್ ದಾಟಿ, ಒಳಗೆ ತಿರುಗುವ ರೋಟರ್ ಸುರುಳಿಗೆ ಹೋಗುತ್ತದೆ. ಲೈಟ್ ಜೋರಾಗಿ ಉರಿಯುತ್ತದೆ, ರೋಟರ್ ಸ್ವಲ್ಪ ಅಯಸ್ಕಾಂತವಾಗುತ್ತದೆ. ಎಂಜಿನ್ ಸ್ಟಾರ್ಟ್ ಆದಾಗ ಆ ಚೂರು ಅಯಸ್ಕಾಂತ ಶಕ್ತಿಯಿಂದಲೇ ಆಲ್ಟರ್ನೇಟರ್ ಕರೆಂಟ್ ಹುಟ್ಟಿಸಲು ಶುರು ಮಾಡುವುದು. ಅಂದರೆ ಈ ಬಲ್ಬ್ ಬರೀ ಎಚ್ಚರಿಕೆ ಕೊಡುವುದಿಲ್ಲ, ಆಲ್ಟರ್ನೇಟರನ್ನು ಎಬ್ಬಿಸುವ ಕೆಲಸವನ್ನೂ ಮಾಡುತ್ತದೆ. ಇಂಥ ಕಾರುಗಳಲ್ಲಿ ಬಲ್ಬ್ ಸುಟ್ಟುಹೋದರೆ ಎಷ್ಟೋ ಸಲ ಚಾರ್ಜಿಂಗೇ ಶುರುವಾಗುವುದಿಲ್ಲ, ಆಕ್ಸಲರೇಟರ್ ಚೆನ್ನಾಗಿ ಒತ್ತಿದ ಮೇಲಷ್ಟೇ ಎದ್ದೇಳುತ್ತದೆ. ಕೀ ಆನ್ ಮಾಡಿದಾಗ ಬ್ಯಾಟರಿ ಲೈಟ್ ಬರದಿದ್ದರೆ ಸದ್ಯ ತೊಂದರೆ ಇಲ್ಲ ಅಂತ ಖುಷಿಪಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಆಲ್ಟರ್ನೇಟರ್ ಕೆಲಸ ಶುರು ಮಾಡಿದ ಮೇಲೆ ಡಿ-ಪ್ಲಸ್ ಟರ್ಮಿನಲ್‌ನಲ್ಲಿ ಸುಮಾರು 14 ವೋಲ್ಟ್ ಬರುತ್ತದೆ. ಬ್ಯಾಟರಿ ಕಡೆಯೂ ಅಷ್ಟೇ ಇರುತ್ತದೆ, ಯಾಕೆಂದರೆ ಅದನ್ನು ಚಾರ್ಜ್ ಮಾಡುತ್ತಿರುವುದೇ ಆಲ್ಟರ್ನೇಟರ್. ಬಲ್ಬ್‌ನ ಎರಡೂ ತುದಿಯಲ್ಲಿ ಒಂದೇ ವೋಲ್ಟೇಜ್ ಇದ್ದರೆ ಕರೆಂಟ್ ಹರಿಯಲು ಕಾರಣವೇ ಇಲ್ಲ. ಲೈಟ್ ಆರುತ್ತದೆ.

ಹಾಗಾದರೆ ಜೋರು ಲೈಟ್ ಅಂದರೆ ಡಿ-ಪ್ಲಸ್ ಕಡೆ ವೋಲ್ಟೇಜ್ ಬಂದಿಲ್ಲ. ಬೆಲ್ಟ್ ಕಡಿದಿದೆ, ಬ್ರಷ್ ಸವೆದಿದೆ, ರೆಗ್ಯುಲೇಟರ್ ಹೋಗಿದೆ, ಅಥವಾ ಆ ಸಣ್ಣ ವೈರ್ ಎಲ್ಲೋ ಕಾರಿನ ಬಾಡಿಗೆ, ಅಂದರೆ ಲೋಹದ ಮೈಗೆ, ತಾಗುತ್ತಿದೆ. ಮಂಕು ಲೈಟ್ ಅಂದರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ, ಆದರೆ ಬಲ್ಬ್‌ನ ಎರಡು ಕಡೆಗೂ ಒಂದೆರಡು ವೋಲ್ಟ್ ವ್ಯತ್ಯಾಸ ಇದೆ. ಅದಕ್ಕೆ ಮುಖ್ಯವಾಗಿ ಮೂರು ಕಾರಣ ಇರಬಹುದು. ಆಲ್ಟರ್ನೇಟರ್ ಒಳಗಿನ ಡಯೋಡ್ ಕೆಟ್ಟಿರಬಹುದು. ಆಲ್ಟರ್ನೇಟರ್‌ನಿಂದ ಬ್ಯಾಟರಿಗೆ ಬರುವ ದಪ್ಪ ಲೈನ್‌ನಲ್ಲಿ ಎಲ್ಲೋ ತಡೆ ಇರಬಹುದು. ಇಲ್ಲವೇ ಇಗ್ನಿಷನ್ ಸ್ವಿಚ್ ಕಡೆಯಿಂದ ಬಲ್ಬ್‌ಗೆ ಬರುವ ಲೈನ್‌ನಲ್ಲೇ ವೋಲ್ಟೇಜ್ ಕುಸಿಯುತ್ತಿರಬಹುದು.

ಇಲ್ಲಿ ಒಂದು ಸ್ವಾರಸ್ಯ ಇದೆ. ದಪ್ಪ ಲೈನ್‌ನಲ್ಲಿ ತಡೆ ಇದ್ದಾಗ ಆಲ್ಟರ್ನೇಟರ್ ಕಡೆ ವೋಲ್ಟೇಜ್ ಜಾಸ್ತಿ, ಬ್ಯಾಟರಿ ಕಡೆ ಕಮ್ಮಿ. ಆಗ ಬಲ್ಬ್‌ನಲ್ಲಿ ಕರೆಂಟ್ ಉಲ್ಟಾ ದಿಕ್ಕಿಗೆ ಹರಿಯುತ್ತದೆ. ತಂತಿ ಬಲ್ಬ್‌ಗೆ ದಿಕ್ಕಿನ ಗೊಡವೆ ಇಲ್ಲ, ಹೇಗೆ ಬಂದರೂ ಉರಿಯುತ್ತದೆ. ಅದೇ ಜಾಗದಲ್ಲಿ ಎಲ್‌ಇಡಿ ಇದ್ದಿದ್ದರೆ ಈ ಉಲ್ಟಾ ಕರೆಂಟ್‌ಗೆ ಅದು ಬೆಳಗುತ್ತಲೇ ಇರಲಿಲ್ಲ. ಸುಳಿವೇ ಸಿಗುತ್ತಿರಲಿಲ್ಲ.

ಮೀಟರ್ ಹಿಡಿದ ಮೇಲೆ

ರಾತ್ರಿ ಓಡಿಸಿದ ಮರುದಿನ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುಂಚೆ ಬ್ಯಾಟರಿಯಲ್ಲಿ 12.2 ವೋಲ್ಟ್ ಇತ್ತು. ಸುಮ್ಮನೆ ನಿಂತಿರುವ 12 ವೋಲ್ಟ್ ಲೆಡ್-ಆಸಿಡ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ 12.6ರಿಂದ ಮೇಲೆ ತೋರಿಸಬೇಕು. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. ಹೊಸ ಬ್ಯಾಟರಿ, ರಾತ್ರಿ ಅಷ್ಟು ದೂರ ಓಡಿ ಬಂದ ಕಾರು, ಆದರೂ ಅರ್ಧ ಚಾರ್ಜ್. ನಿಂತಾಗ ಕರೆಂಟ್ ಸೋರುತ್ತಿದೆಯಾ ಅಂತಲೂ ನೋಡಿದೆ. ಬಾಗಿಲು ಲಾಕ್ ಮಾಡಿ, ಎಲ್ಲ ಮಲಗಲು ಬಿಟ್ಟು ಅಳೆದಾಗ 20 ಮಿಲಿಆಂಪಿಯರ್ ಬಂತು. 50ರ ಒಳಗಿದ್ದರೆ ಸಾಮಾನ್ಯ. ಸೋರಿಕೆ ಇಲ್ಲ. ಬ್ಯಾಟರಿ ಇಳಿಯುತ್ತಿರುವುದು ಓಡುವಾಗಲೇ.

ಕೀ ಆನ್, ಎಂಜಿನ್ ಆಫ್: ಲೈಟ್ ಜೋರು. ಡಿ-ಪ್ಲಸ್ ವೈರ್ ಕಿತ್ತರೆ ಲೈಟ್ ಆರಿತು. ಅಂದರೆ ವೈರ್ ಎಲ್ಲೂ ಬಾಡಿಗೆ ತಾಗುತ್ತಿಲ್ಲ, ಬಲ್ಬ್ ಸರಿ ಇದೆ, ಬ್ರಷ್ ಮತ್ತು ರೋಟರ್ ಕೂಡ ಸರಿ ಇರುವ ಹಾಗಿದೆ.

ಎಂಜಿನ್ ಸ್ಟಾರ್ಟ್ ಮಾಡಿ, ಲೈಟು ಫ್ಯಾನು ಏನೂ ಹಾಕದೆ ಅಳೆದೆ. ಬ್ಯಾಟರಿಯಲ್ಲಿ 13.9 ವೋಲ್ಟ್. ಗ್ಯಾರೇಜಿನವರಿಗೆ ಸಿಕ್ಕಿದ್ದೂ ಇದೇ ನಂಬರ್. ಇಲ್ಲಿಗೆ ನಿಲ್ಲಿಸಿದರೆ ಯಾರಾದರೂ ಚಾರ್ಜಿಂಗ್ ಸರಿ ಇದೆ ಅಂತಲೇ ಹೇಳುತ್ತಾರೆ. ಆದರೆ ಕಾರಿಗೆ ಕೆಲಸವೇ ಕೊಡದೆ ಮಾಡಿದ ಪರೀಕ್ಷೆ ಇದು. ಎಂಜಿನ್ ತನಗೆ ಬೇಕಾದ ಏಳೆಂಟು ಆಂಪಿಯರ್ ಮಾತ್ರ ಎಳೆಯುತ್ತಿತ್ತು. ಅಷ್ಟು ಕಮ್ಮಿ ಕರೆಂಟ್ ಹರಿಯುವಾಗ ಲೈನ್‌ನಲ್ಲಿ ತಡೆ ಇದ್ದರೂ ಗೊತ್ತಾಗುವುದಿಲ್ಲ.

ಹಾಗಾಗಿ ರಾತ್ರಿ ಇರುವಷ್ಟು ಕೆಲಸ ಕೊಟ್ಟೆ. ಹೆಡ್‌ಲೈಟ್, ಬ್ಲೋವರ್ ಪೂರ್ತಿ ಸ್ಪೀಡ್, ಹಿಂದಿನ ಗಾಜಿನ ಹೀಟರ್. ಎಂಜಿನ್ 1,500 ಆರ್‌ಪಿಎಂನಲ್ಲಿ ನಿಲ್ಲಿಸಿದೆ, ಯಾಕೆಂದರೆ ಐಡಲ್‌ನಲ್ಲಿ ಆರೋಗ್ಯವಾಗಿರುವ ಆಲ್ಟರ್ನೇಟರೂ ಪೂರ್ತಿ ಕರೆಂಟ್ ಕೊಡುವುದಿಲ್ಲ. ಈಗ ಆಲ್ಟರ್ನೇಟರ್‌ನ ದಪ್ಪ ಸ್ಟಡ್ (ದಪ್ಪ ಕೇಬಲ್ ಬಿಗಿಯುವ ಬೋಲ್ಟ್) ಮೇಲೆ 14.1 ವೋಲ್ಟ್. ಬ್ಯಾಟರಿಯ ಸೀಸದ ಗೂಟದ ಮೇಲೆ 12.3.

ಒಂದೇ ಲೈನ್‌ನ ಎರಡು ತುದಿಗಳ ನಡುವೆ 1.8 ವೋಲ್ಟ್ ಕಾಣೆಯಾಗಿತ್ತು! ಚೆನ್ನಾಗಿರುವ ಕಾರಿನಲ್ಲಿ ಇದು 0.2, ಬಹಳ ಅಂದರೆ 0.3 ಇರಬೇಕು.

ಕೇಬಲ್ ಸುತ್ತ ಕಚ್ಚಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿದಾಗ ಚಿತ್ರ ಪೂರ್ತಿಯಾಯಿತು. ಆಲ್ಟರ್ನೇಟರ್‌ನಿಂದ 36 ಆಂಪಿಯರ್ ಬರುತ್ತಿತ್ತು. ಕಾರು ಬೇಡುತ್ತಿದ್ದದ್ದು 45. ಉಳಿದ 9 ಆಂಪಿಯರ್ ಬ್ಯಾಟರಿಯಿಂದ ಹೊರಗೆ ಹೋಗುತ್ತಿತ್ತು. ಎಂಜಿನ್ ಓಡುತ್ತಿದ್ದರೂ ಬ್ಯಾಟರಿ ಖಾಲಿಯಾಗುತ್ತಿತ್ತು. ಅದು 45 ಆಂಪಿಯರ್-ಅವರ್ ಬ್ಯಾಟರಿ. ಒಂದು ಗಂಟೆ ಹೀಗೆ ಓಡಿದರೆ ಐದರಲ್ಲಿ ಒಂದು ಪಾಲು ಹೋಯಿತು. ರಾತ್ರಿ ಓಡಿಸಿದ ಮರುದಿನ ಸೆಲ್ಫ್ ಯಾಕೆ ನಿಧಾನ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ.

ಲೈಟ್ ರಾತ್ರಿ ಮಾತ್ರ ಯಾಕೆ ಬರುತ್ತಿತ್ತು ಅನ್ನುವುದಕ್ಕೂ ಉತ್ತರ ಸಿಕ್ಕಿತು. ಒಂದು, ರಾತ್ರಿ ಹೆಡ್‌ಲೈಟ್‌ನಿಂದ ಕರೆಂಟ್ ಜಾಸ್ತಿ, ಹಾಗಾಗಿ ಲೈನ್‌ನಲ್ಲಿ ಕುಸಿತವೂ ಜಾಸ್ತಿ. ಎರಡನೆಯದು ಇನ್ನೂ ಸರಳ. 12 ವೋಲ್ಟ್ ಬಲ್ಬ್‌ಗೆ ಎರಡು ವೋಲ್ಟ್ ಕೊಟ್ಟರೆ ತಂತಿ ಸ್ವಲ್ಪ ಕೆಂಪಾಗುತ್ತದೆ ಅಷ್ಟೇ, ಹಗಲು ಬೆಳಕಿನಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ಗ್ಯಾರೇಜಿನವರು ನೋಡಿದ್ದು ಯಾವಾಗಲೂ ಹಗಲಲ್ಲಿ. ನಾನು ಡ್ಯಾಶ್‌ಬೋರ್ಡಿನ ಮೀಟರ್ ಕನ್ಸೋಲ್ ಮೇಲೆ ದಪ್ಪ ಬಟ್ಟೆ ಹೊದಿಸಿ ಒಳಗೆ ಇಣುಕಿದಾಗ ಹಗಲಲ್ಲೇ ಕಂಡಿತು.

ಉಳಿದ ಅನುಮಾನಗಳನ್ನು ಬೇಗ ಮುಗಿಸಿದೆ. ಆಲ್ಟರ್ನೇಟರ್ ಬಾಡಿಯಿಂದ ಬ್ಯಾಟರಿ ಮೈನಸ್‌ಗೆ ಅಳೆದರೆ 0.06 ವೋಲ್ಟ್, ಅರ್ಥ್ ಚೆನ್ನಾಗಿದೆ. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಸ್ಟಡ್ ಮೇಲೆ ಹಿಡಿದರೆ 0.04. ಡಯೋಡ್ ಹೋಗಿದ್ದರೆ ಇದು ಅರ್ಧ ವೋಲ್ಟ್ ಹತ್ತಿರ ಹೋಗುತ್ತಿತ್ತು. ಬೆಲ್ಟ್ ಜಾರಿದ್ದರೆ ಸ್ಟಡ್ ಮೇಲೇ 14.1 ಇರುತ್ತಿರಲಿಲ್ಲ. ಹೊಸ ಆಲ್ಟರ್ನೇಟರ್ ಯಾವ ತಪ್ಪೂ ಮಾಡಿರಲಿಲ್ಲ. ಅದರ ರೆಗ್ಯುಲೇಟರ್ ವೋಲ್ಟೇಜ್ ನೋಡುವುದು ತನ್ನ ಮೈಮೇಲೇ. ಅಲ್ಲಿ 14.1 ಇದೆ, ಹಾಗಾಗಿ ಅದಕ್ಕೆ ಎಲ್ಲ ಸರಿ. ಕೆಲವು ಕಾರುಗಳಲ್ಲಿ ರೆಗ್ಯುಲೇಟರ್‌ಗೆ ಬ್ಯಾಟರಿಯಿಂದಲೇ ಒಂದು ಸಣ್ಣ ವೈರ್ ಬರುತ್ತದೆ. ಅಲ್ಲಿ ಇಂಥ ದೋಷ ಬಂದರೆ ಬ್ಯಾಟರಿಯ ಕೊರತೆ ತುಂಬಲು ಹೋಗಿ ಆಲ್ಟರ್ನೇಟರ್ ಕಡೆ ವೋಲ್ಟೇಜ್ 15 ದಾಟಿಬಿಡಬಹುದು.

ಆ 1.8 ವೋಲ್ಟ್ ಎಲ್ಲಿ ಹೋಯಿತು?

ಹುಡುಕುವ ವಿಧಾನ ಸುಲಭ. ಮೀಟರ್‌ನ ಕೆಂಪು ಮೊನೆಯನ್ನು ಆಲ್ಟರ್ನೇಟರ್ ಸ್ಟಡ್ ಮೇಲೆ ಹಿಡಿದುಬಿಡಬೇಕು. ಕಪ್ಪು ಮೊನೆಯನ್ನು ದಾರಿಯುದ್ದಕ್ಕೂ ಬ್ಯಾಟರಿ ಕಡೆಗೆ ಒಂದೊಂದೇ ಜಾಯಿಂಟ್ ದಾಟಿಸುತ್ತಾ ಹೋಗಬೇಕು. ಎಂಜಿನ್ ಓಡುತ್ತಿರಬೇಕು, ಎಲ್ಲ ಲೋಡ್ ಆನ್ ಇರಬೇಕು. ನಂಬರ್ ಎಲ್ಲಿ ಹಾರುತ್ತದೋ ಅಲ್ಲಿ ದೋಷ. ಹೀಗೆ ಮಾಡುವಾಗ ತೋಳು, ಮೀಟರ್ ವೈರ್ ಎರಡನ್ನೂ ಬೆಲ್ಟ್ ಮತ್ತು ಫ್ಯಾನ್‌ನಿಂದ ದೂರ ಇಡಿ.

ಸ್ಟಡ್‌ನ ಥಿಂಬಲ್ (ಕೇಬಲ್ ತುದಿಗೆ ಒತ್ತಿದ ಲೋಹದ ಉಂಗುರ) ಮೇಲೆ 0.01. ಕೇಬಲ್ ಬೋನೆಟ್ ಕೆಳಗಿನ ಫ್ಯೂಸ್ ಬಾಕ್ಸ್ ತಲುಪುವ ತುದಿಯಲ್ಲಿ 0.06. ಆ ತುದಿಗೆ ಕಚ್ಚಿಕೊಂಡಿರುವ 80 ಆಂಪಿಯರ್ ಮೇನ್ ಫ್ಯೂಸ್‌ನ ಕಾಲಿನ ಮೇಲೆ 1.70. ಫ್ಯೂಸ್‌ನ ಆಚೆ ಕಾಲಿನಲ್ಲಿ 1.73. ಬ್ಯಾಟರಿಯ ಗೂಟದಲ್ಲಿ 1.80.

ಕೇಬಲ್‌ನ ಥಿಂಬಲ್ ಮತ್ತು ಫ್ಯೂಸ್‌ನ ಕಾಲು ಒಂದೇ ನಟ್ಟಿನ ಕೆಳಗೆ, ಒಂದರ ಮೇಲೊಂದು ಕೂತಿರುತ್ತವೆ. ಅವೆರಡರ ನಡುವೆಯೇ 1.64 ವೋಲ್ಟ್ ಹೋಗುತ್ತಿತ್ತು. 36 ಆಂಪಿಯರ್‌ನಿಂದ ಗುಣಿಸಿದರೆ ಸುಮಾರು 59 ವ್ಯಾಟ್. ಪ್ಲಾಸ್ಟಿಕ್ ಫ್ಯೂಸ್ ಬಾಕ್ಸ್ ಒಳಗೆ ಯಾರೋ ಒಂದು ಸೋಲ್ಡರಿಂಗ್ ಐರನ್ ಆನ್ ಮಾಡಿಟ್ಟು ಮರೆತ ಹಾಗೆ. ಎಂಜಿನ್ ನಿಲ್ಲಿಸಿ ಮುಚ್ಚಳ ಪೂರ್ತಿ ತೆಗೆದಾಗ ಅದು ಕಣ್ಣಿಗೇ ಕಂಡಿತು. ನಟ್ ಸುತ್ತ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಸ್ವಲ್ಪ ಸೊಟ್ಟಗಾಗಿತ್ತು. ಥಿಂಬಲ್ ಕಪ್ಪಾಗಿತ್ತು. ಕೇಬಲ್‌ನ ಇನ್ಸುಲೇಷನ್ ತುದಿಯಲ್ಲಿ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು.

ಫ್ಯೂಸ್ ಯಾಕೆ ಹೋಗಲಿಲ್ಲ ಅಂತ ಮಾಲೀಕರು ಕೇಳಿದರು. ಫ್ಯೂಸ್ ಕಾಯುವುದು ಕರೆಂಟ್ ಮಿತಿ ಮೀರದ ಹಾಗೆ. ಇಲ್ಲಿ ಹರಿಯುತ್ತಿದ್ದದ್ದು 36 ಆಂಪಿಯರ್, ಫ್ಯೂಸ್ ಇದ್ದದ್ದು 80ರದ್ದು. ಸಡಿಲ ಜಾಯಿಂಟ್‌ನ ಬಿಸಿಯನ್ನು ಅದು ತಡೆಯಲಾರದು. ಇಂಥ ದೋಷವನ್ನು ಬರೀ ಲೈಟ್‌ನ ಕಿರಿಕಿರಿ ಅಂತ ಬಿಟ್ಟುಬಿಟ್ಟರೆ ಬೆಂಕಿಯವರೆಗೂ ಹೋಗಬಹುದು.

ಇನ್ನೊಂದು ಪ್ರಶ್ನೆ ನನಗೇ ಇತ್ತು. ಹಿಂದಿನ ಗ್ಯಾರೇಜಿನವರು ಈ ಲೈನ್ ಚೆಕ್ ಮಾಡಿಯೇ ಇರಲಿಲ್ಲವಾ? ಮಾಡಿದ್ದರಂತೆ, ಮೀಟರ್‌ನ ಬೀಪ್‌ನಲ್ಲಿ. ಎರಡು ತುದಿ ಹಿಡಿದರೆ ಬೀಪ್ ಬಂತು, ಲೈನ್ ಸರಿ ಅಂದರು. ಇದು ತುಂಬಾ ಜನ ನಂಬುವ ಪರೀಕ್ಷೆ, ಆದರೆ ದಪ್ಪ ಕೇಬಲ್‌ಗೆ ಇದರಿಂದ ಏನೂ ಉಪಯೋಗ ಇಲ್ಲ. 1.8 ವೋಲ್ಟನ್ನು 36 ಆಂಪಿಯರ್‌ನಿಂದ ಭಾಗಿಸಿದರೆ ಇಡೀ ದಾರಿಯ ತಡೆ 0.05 ಓಮ್ ಮಾತ್ರ. ಸಾಮಾನ್ಯ ಮೀಟರ್‌ನ ವೈರ್‌ಗಳದ್ದೇ ತಡೆ ಅದಕ್ಕಿಂತ ಜಾಸ್ತಿ ಇರುತ್ತದೆ. ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ದಪ್ಪ ಲೈನ್ ಪರೀಕ್ಷೆ ಮಾಡಬೇಕೆಂದರೆ ಅದರಲ್ಲಿ ಕರೆಂಟ್ ಹರಿಸಿ, ವೋಲ್ಟೇಜ್ ಕುಸಿತವನ್ನೇ ಅಳೆಯಬೇಕು.

ನಟ್ಟಿನ ಕೆಳಗೆ ಸಿಕ್ಕಿದ್ದು

ಬ್ಯಾಟರಿಯ ಮೈನಸ್ ಮೊದಲು ತೆಗೆದೆ. ಆಲ್ಟರ್ನೇಟರ್‌ನ ದಪ್ಪ ಕೇಬಲ್ ಮೇನ್ ಫ್ಯೂಸ್ ಮೂಲಕ ಬ್ಯಾಟರಿಗೆ ಸದಾ ಸೇರಿರುತ್ತದೆ, ಕೀ ಆಫ್ ಇದ್ದರೂ ಅದು ಜೀವಂತ. ಸ್ಪ್ಯಾನರ್ ಜಾರಿ ಬಾಡಿಗೆ ತಾಗಿದರೆ ದೊಡ್ಡ ಕಿಡಿ ಹಾರುತ್ತದೆ.

ನಟ್ ಬಿಚ್ಚಲು ಸ್ಪ್ಯಾನರ್ ಬೇಕಾಗಲೇ ಇಲ್ಲ, ಬೆರಳಲ್ಲೇ ತಿರುಗಿತು. ಅದರ ಕೆಳಗೆ ಎರಡು ಪದರ ಇರಬೇಕಾದ ಕಡೆ ಮೂರಿದ್ದವು. ಕೇಬಲ್‌ನ ಥಿಂಬಲ್‌ಗೂ ಫ್ಯೂಸ್‌ನ ಕಾಲಿಗೂ ಮಧ್ಯೆ ಒಂದು ತೆಳುವಾದ ಸಣ್ಣ ರಿಂಗ್ ಥಿಂಬಲ್ ಸಿಕ್ಕಿಕೊಂಡಿತ್ತು. ಅದರಿಂದ ಹೊರಟ ವೈರ್ ಫಾಗ್ ಲ್ಯಾಂಪ್ ರಿಲೇಗೆ ಹೋಗುತ್ತಿತ್ತು. ಸುಮಾರು ಒಂದು ವರ್ಷದ ಹಿಂದೆ ಹೊರಗಡೆ ಹಾಕಿಸಿದ ಲ್ಯಾಂಪ್ ಅದು. ಪ್ಲಸ್ ಎಲ್ಲಿ ಸುಲಭವಾಗಿ ಸಿಕ್ಕಿತೋ ಅಲ್ಲಿ ವೈರ್ ಸಿಕ್ಕಿಸಿ ನಟ್ ತಿರುಗಿಸಿದ್ದರು.

ವೈರನ್ನು ನಟ್ಟಿಗೆ ಹತ್ತಿರ, ಎಲ್ಲದರ ಮೇಲೆ ಇಟ್ಟಿದ್ದರೂ ಇಷ್ಟು ತೊಂದರೆ ಆಗುತ್ತಿರಲಿಲ್ಲ. ಆಗ ಆಲ್ಟರ್ನೇಟರ್‌ನ ಕರೆಂಟ್ ಥಿಂಬಲ್‌ನಿಂದ ನೇರ ಫ್ಯೂಸ್‌ಗೆ ಹೋಗುತ್ತಿತ್ತು. ಮಧ್ಯೆ ಇಟ್ಟಿದ್ದರಿಂದ ಇಡೀ ಕಾರಿನ ಕರೆಂಟ್ ಆ ತೆಳು ರಿಂಗನ್ನು ದಾಟಿಯೇ ಹೋಗಬೇಕಾಯಿತು. ರಿಂಗ್ ಚಪ್ಪಟೆಯಾಗಿ ಕೂತಿರಲಿಲ್ಲ, ತಾಗುವ ಜಾಗ ಕಮ್ಮಿ. ಅದು ಬಿಸಿಯಾಗಿ ಹಿಗ್ಗಿತು, ತಣ್ಣಗಾಗಿ ಕುಗ್ಗಿತು. ಹೀಗೆ ದಿನಾ ನಡೆದು ನಟ್ ಸಡಿಲವಾಯಿತು. ಸಡಿಲವಾದ ಕಡೆ ತಾಮ್ರ ಕಪ್ಪಾಗಿ ತಡೆ ಜಾಸ್ತಿಯಾಯಿತು, ತಡೆ ಜಾಸ್ತಿಯಾದಷ್ಟೂ ಬಿಸಿ ಹೆಚ್ಚಿತು. ತಾನೇ ತನ್ನನ್ನು ಬೆಳೆಸಿಕೊಳ್ಳುವ ದೋಷ ಇದು. ಕಾರ್ಬನ್ ಬ್ರಷ್ ಸವೆಯುವ ಹೊತ್ತಿಗೇ ಇದೂ ಬೆಳೆದು ನಿಂತದ್ದು ಕಾಕತಾಳೀಯ. ಬ್ರಷ್ ಸವೆಯುವುದು ಆ ವಯಸ್ಸಿನ ಕಾರಿನಲ್ಲಿ ಸಹಜ.

ರಿಪೇರಿಯಲ್ಲಿ ಹೇಳುವಂಥದ್ದು ಕಮ್ಮಿ. ಸುಟ್ಟ ಥಿಂಬಲ್ ಕತ್ತರಿಸಿ, ಕೇಬಲ್‌ನ ತಾಮ್ರ ಹೊಳೆಯುವ ಜಾಗದವರೆಗೆ ಹಿಂದೆ ಹೋಗಿ, ಅದೇ ಅಳತೆಯ ಹೊಸ ಥಿಂಬಲನ್ನು ಕ್ರಿಂಪಿಂಗ್ ಟೂಲ್‌ನಲ್ಲಿ ಒತ್ತಿದೆ. ಇಕ್ಕಳದಲ್ಲಿ ಚಪ್ಪಟೆ ಮಾಡಿದರೆ ನಡೆಯಲ್ವಾ ಅಂದರೆ, ನಡೆಯುವುದಿಲ್ಲ. ಕೆಲವೇ ತಿಂಗಳಲ್ಲಿ ಇದೇ ಕಥೆ ಮತ್ತೆ ಶುರುವಾಗುತ್ತದೆ. ಮೇನ್ ಫ್ಯೂಸ್‌ನ ಕಾಲು ಬಿಸಿಗೆ ಬಣ್ಣ ತಿರುಗಿತ್ತು, ಅದನ್ನೂ ಅದೇ ರೇಟಿಂಗ್‌ನ ಹೊಸದಕ್ಕೆ ಬದಲಿಸಿದೆ. ಬೋಲ್ಟ್ ಮತ್ತು ಆಚೆ ಬದಿಯ ಜಾಯಿಂಟ್ ಉಜ್ಜಿ ಸ್ವಚ್ಛ ಮಾಡಿ, ಹೊಸ ಸ್ಪ್ರಿಂಗ್ ವಾಷರ್ ಹಾಕಿ ಬಿಗಿ ಮಾಡಿದೆ. ಇಲ್ಲಿ ಶಕ್ತಿಪ್ರದರ್ಶನ ಮಾಡಬಾರದು. ಆ ಬೋಲ್ಟ್ ಪ್ಲಾಸ್ಟಿಕ್‌ನಲ್ಲಿ ಕೂತಿರುತ್ತದೆ, ಜಾಸ್ತಿ ತಿರುಗಿಸಿದರೆ ಬೋಲ್ಟೇ ಸುತ್ತತೊಡಗುತ್ತದೆ. ಫ್ಯೂಸ್ ಬಾಕ್ಸ್ ಸ್ವಲ್ಪ ಸೊಟ್ಟಗಾಗಿದ್ದರೂ ಬೋಲ್ಟ್ ಗಟ್ಟಿಯಾಗಿ ನಿಂತಿತ್ತು, ಹಾಗಾಗಿ ಅದನ್ನು ಬದಲಿಸಲಿಲ್ಲ. ಬೋಲ್ಟ್ ಅಲುಗಾಡಿದ್ದರೆ ಬಾಕ್ಸ್ ಬದಲಿಸಿ ಅಂತಲೇ ಹೇಳುತ್ತಿದ್ದೆ. ಫಾಗ್ ಲ್ಯಾಂಪ್ ವೈರ್‌ಗೆ ಬ್ಯಾಟರಿಯ ಪ್ಲಸ್‌ನಿಂದಲೇ ಬೇರೆ ಲೈನ್, ಬ್ಯಾಟರಿಯ ಹತ್ತಿರದಲ್ಲೇ ಅದರದ್ದೇ ಫ್ಯೂಸ್.

ಮತ್ತೆ ಅದೇ ಲೋಡ್ ಹಾಕಿ, ಅದೇ 1,500 ಆರ್‌ಪಿಎಂನಲ್ಲಿ ಅಳೆದೆ. ಆಲ್ಟರ್ನೇಟರ್ ಸ್ಟಡ್ ಮೇಲೆ 14.1. ಬ್ಯಾಟರಿಯಲ್ಲಿ 13.9. ಆಲ್ಟರ್ನೇಟರ್ ಈಗ 50 ಆಂಪಿಯರ್‌ಗಿಂತ ಜಾಸ್ತಿ ಕೊಡುತ್ತಿತ್ತು, ಯಾಕೆಂದರೆ ಕಾರಿನ ಜೊತೆಗೆ ಹಸಿದ ಬ್ಯಾಟರಿಯೂ ಎಳೆದುಕೊಳ್ಳುತ್ತಿತ್ತು. ಅಷ್ಟು ಕರೆಂಟ್ ಹರಿದರೂ ದಾರಿಯಲ್ಲಿ ಕುಸಿತ 0.2 ವೋಲ್ಟ್ ಮಾತ್ರ. ಬಟ್ಟೆ ಹೊದಿಸಿ ನೋಡಿದರೂ ಲೈಟ್ ಪೂರ್ತಿ ಕಪ್ಪು.

ಹೊಸ ಕಾರುಗಳಲ್ಲಿ ಇದು ಹೀಗಿರುವುದಿಲ್ಲ

ಈ ಮಂಕು-ಜೋರು ಲೆಕ್ಕ ಎಲ್ಲ ಕಾರಿಗೂ ಹೊಂದುವುದಿಲ್ಲ. ಈಗಿನ ಬಹಳಷ್ಟು ಕಾರುಗಳಲ್ಲಿ ಬ್ಯಾಟರಿ ಲೈಟನ್ನು ಹೊತ್ತಿಸುವುದು, ಆರಿಸುವುದು ಕಂಪ್ಯೂಟರ್. ಅಲ್ಲಿ ಲೈಟ್ ಒಂದೋ ಇರುತ್ತದೆ, ಇಲ್ಲವೋ ಇರುವುದಿಲ್ಲ. ಮಂಕು ಅನ್ನುವ ಮಾತೇ ಇಲ್ಲ. ಮೊದಲು ಸ್ಕ್ಯಾನರ್ ಹಾಕಿ ಕೋಡ್ ಓದಬೇಕು. ಜೊತೆಗೆ, ಇಂಥ ಕಾರುಗಳು ಇಂಧನ ಉಳಿಸಲು ಚಾರ್ಜಿಂಗ್ ವೋಲ್ಟೇಜನ್ನು ಬೇಕೆಂದೇ ಏರಿಳಿಸುತ್ತವೆ. ಸಮತಟ್ಟು ರಸ್ತೆಯಲ್ಲಿ 12.6 ತೋರಿಸಿ, ಬ್ರೇಕ್ ಒತ್ತಿದಾಗ 14.8ಕ್ಕೆ ಏರಿದರೂ ಅದು ದೋಷವಲ್ಲ. ಹಳೇ ಲೆಕ್ಕದಲ್ಲಿ ಓಡುವ ಎಂಜಿನ್‌ಗೆ 13.8ಕ್ಕಿಂತ ಕಮ್ಮಿ ಬಂದ ತಕ್ಷಣ ಆಲ್ಟರ್ನೇಟರ್ ಬದಲಿಸಿದರೆ ಸರಿ ಇರುವ ಸಾಮಾನು ತೆಗೆದುಹಾಕಿದ ಹಾಗಾಗುತ್ತದೆ. ಎಲ್ಲ ಲೋಡ್ ಹಾಕಿದರೆ ಸಾಮಾನ್ಯವಾಗಿ ಅವೂ ವೋಲ್ಟೇಜ್ ಏರಿಸುತ್ತವೆ. ಸ್ಟಡ್‌ನಿಂದ ಬ್ಯಾಟರಿಯವರೆಗೆ ಕುಸಿತ ಅಳೆಯುವ ಪರೀಕ್ಷೆಯಂತೂ ಅಲ್ಲೂ ಹಾಗೇ ನಡೆಯುತ್ತದೆ. ತಾಮ್ರಕ್ಕೆ ಕಾರಿನ ವಯಸ್ಸು ಗೊತ್ತಾಗುವುದಿಲ್ಲ.

ಕೆಲವು ವಾರಗಳ ನಂತರ ಕಾರನ್ನು ಮತ್ತೆ ತರಿಸಿದೆ. ಹೊಸ ಜಾಯಿಂಟ್ ಬಿಸಿ-ತಂಪಿನ ಕೆಲವು ಸುತ್ತು ಕಂಡ ಮೇಲೆ ಮತ್ತೊಮ್ಮೆ ನೋಡುವುದು ಒಳ್ಳೆಯದು. ಕುಸಿತ 0.2ರಲ್ಲೇ ನಿಂತಿತ್ತು, ನಟ್ ಅಲುಗಿರಲಿಲ್ಲ. ರಾತ್ರಿ ಓಡಿಸಿದ ಮರುದಿನವೂ ಬ್ಯಾಟರಿ 12.6 ತೋರಿಸಿತು.

ಬದಲಿಸಿದ್ದರಲ್ಲಿ ನಿಜವಾಗಿ ಬೇಕಾಗಿದ್ದದ್ದು ಯಾವುದು ಅಂತ ಮಾಲೀಕರು ಕೇಳಿದರು. ಕಾರ್ಬನ್ ಬ್ರಷ್ ಬೇಕೇ ಬೇಕಿತ್ತು. ಬೆಲ್ಟ್ ಇವತ್ತಲ್ಲ ನಾಳೆ ಬೇಕಾಗುತ್ತಿತ್ತು. ಹಳೇ ಬ್ಯಾಟರಿಯನ್ನು ಆಗಲೇ ಎಕ್ಸ್‌ಚೇಂಜ್‌ಗೆ ಕೊಟ್ಟುಬಿಟ್ಟಿದ್ದರಿಂದ ಅದನ್ನು ಚಾರ್ಜ್ ಮಾಡಿ ಪರೀಕ್ಷಿಸುವ ದಾರಿ ಉಳಿದಿರಲಿಲ್ಲ. ಹೊಸ ಆಲ್ಟರ್ನೇಟರ್ ಮಾತ್ರ ಖಂಡಿತ ಬೇಕಿರಲಿಲ್ಲ. ಬಿಚ್ಚಿ ಕೊಟ್ಟಿದ್ದ ಹಳೆಯದನ್ನು ಅವರು ಇಟ್ಟುಕೊಂಡಿದ್ದರು. ಟೆಸ್ಟ್ ಬೆಂಚ್ ಮೇಲೆ ಕೂರಿಸಿ ತಿರುಗಿಸಿದಾಗ ಲೋಡ್ ಹಾಕಿದರೂ 14.2 ವೋಲ್ಟ್ ಕೊಟ್ಟಿತು. ಸ್ಪೇರ್ ಆಗಿ ಇಟ್ಟುಕೊಳ್ಳಿ ಅಂತ ವಾಪಸ್ ಕೊಟ್ಟೆ.